ಹುಲ್ಲಿಗೆ ಉಸಿರು ಕೊಡಿಸಿದ್ದು

ಅತ್ತಿಗೆ ಅಂದರೆ ಎಲ್ಲರಿಗೂ ಅತ್ತಿಗೆಯೇ. ಮೊದಲು ಹಾಗೆ ಕರೆದವನು ಅವಳ ಗಂಡನ ತಮ್ಮ, ಮನೆಯಲ್ಲಿ ಚಿಕ್ಕೋನು ಅನ್ನಿಸಿಕೊಳ್ಳುವವನು. ಕೆಲಸದ ಜಾಗದಲ್ಲಿ ಪೊದೆಯ ಆಚೆಯಿಂದ ಅವನು "ಅತ್ತಿಗೇ, ಕತ್ತರಿ ಎಲ್ಲಿ?" ಎಂದು ಕೂಗಿ ಕೂಗಿ, ತೋಟದ ಮಾಲೀಕರು, ಅವರ ಕಾವಲುಗಾರರು, ಗೊಬ್ಬರದ ಅಂಗಡಿಯವನು, ಕೊನೆಗೆ ಅವಳ ತಾಯಿಯ ವಯಸ್ಸಿನ ಹೆಂಗಸರೂ ಅತ್ತಿಗೆ ಎನ್ನತೊಡಗಿದ್ದರು. ಮೂವರೇ ಸೇರಿ ನಡೆಸುವ ಕಸುಬು ಅವರದು. ಹುಲ್ಲು ಕತ್ತರಿಸುವುದು, ಬೇಲಿ ಸವರುವುದು, ಸತ್ತ ಗಿಡ ಕಿತ್ತು ಬದುಕುವಂಥದ್ದನ್ನು ನೆಡುವುದು. ಅತ್ತಿಗೆ ಕೆಲಸ ಹಿಡಿದು ತರುತ್ತಿದ್ದಳು, ಚಿಕ್ಕೋನು ಮಾಡುತ್ತಿದ್ದ, ಅವಳ ಗಂಡ ಯೋಚಿಸುತ್ತಿದ್ದ.

ಯೋಚಿಸುವ ಈ ಗಂಡನಿಗೆ ಪ್ರೊಫೆಸರ್ ಎಂದು ಹೆಸರು ಬಿದ್ದಿತ್ತು. ಅವನು ಯಾವ ಕಾಲೇಜಿನಲ್ಲೂ ಪಾಠ ಮಾಡಿದವನಲ್ಲ. ಆದರೆ ಒಂದು ಬಕೆಟ್ ಕೊಳ್ಳಬೇಕೆಂದರೂ ಪ್ಲಾಸ್ಟಿಕ್ಕಿನ ಹುಟ್ಟಿನಿಂದ ಶುರು ಮಾಡುವವನು. ಮನೆಗೆ ಇಸ್ತ್ರಿಪೆಟ್ಟಿಗೆ ಬೇಕು ಎಂದಾಗ ಎಷ್ಟು ಅಧ್ಯಯನ ಮಾಡಿದನೆಂದರೆ, ಕೊನೆಗೆ ಇದೇ ಸರಿ ಎಂದು ಒಂದನ್ನು ಆರಿಸಿ ಅಂಗಡಿಗೆ ಹೋಗುವಷ್ಟರಲ್ಲಿ ಆ ಕಂಪನಿಯವರು ಅದನ್ನು ತಯಾರಿಸುವುದನ್ನೇ ನಿಲ್ಲಿಸಿದ್ದರು. ಅಷ್ಟು ದಿನ ಇಡೀ ಮನೆ ಮುದುಡಿದ ಬಟ್ಟೆಯಲ್ಲೇ ಓಡಾಡಿತ್ತು.

ಅವರ ಕೈಯಲ್ಲಿದ್ದ ಕೆಲಸಗಳಲ್ಲೆಲ್ಲ ದೊಡ್ಡದು ಮೂರು ಎತ್ತರದ ಕಟ್ಟಡಗಳ ಒಂದು ಅಪಾರ್ಟ್‌ಮೆಂಟಿನದು. ಕಟ್ಟಡಗಳ ನಡುವೆ ವಿಶಾಲವಾದ ಹುಲ್ಲುಹಾಸು. ಅದರ ನಾಲ್ಕೂ ಮೂಲೆಯಲ್ಲಿ ಹುಲ್ಲು ತುಳಿಯಬಾರದೆಂಬ ಫಲಕ. ಮಕ್ಕಳ ಚೆಂಡು ಅದರೊಳಗೆ ಬಿದ್ದರೆ ಕಾವಲುಗಾರನೇ ಕೋಲಿನಿಂದ ಎಳೆದುಕೊಡಬೇಕು. ಇಷ್ಟು ಜೋಪಾನ ಮಾಡಿದರೂ ಹುಲ್ಲು ಹಳದಿಗೆ ತಿರುಗಿತ್ತು, ನೀರು ಬಿಟ್ಟರೆ ಇಂಗದೆ ಮೇಲೆಯೇ ತೇಲುತ್ತಿತ್ತು. ಒಂದು ದಿನ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಅತ್ತಿಗೆಯನ್ನು ಕರೆಸಿದರು. ಅವರು ಯಾವುದೋ ಇಲಾಖೆಯಲ್ಲಿ ಮೇಲಧಿಕಾರಿಯಾಗಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ.

"ನೋಡಮ್ಮ, ಹುಲ್ಲು ಉಸಿರಾಡ್ತಿಲ್ಲ" ಎಂದರು, ಹತ್ತಿರದವರು ಯಾರೋ ಆಸ್ಪತ್ರೆ ಸೇರಿದ ಸುದ್ದಿ ಹೇಳುವ ದನಿಯಲ್ಲಿ. "ನಾನು ಎಲ್ಲಾ ಓದಿದೀನಿ. ಮಣ್ಣು ಗಟ್ಟಿಯಾಗಿದೆ, ಬೇರಿಗೆ ಗಾಳಿ ಹೋಗ್ತಿಲ್ಲ. ಮಣ್ಣಲ್ಲಿ ತೂತು ಮಾಡೋ ಮಷೀನ್ ಅಂತ ಬರುತ್ತೆ. ಏರೇಟರ್ ಅಂತ. ನಿಮ್ಮ ಹತ್ರ ಇದೆಯೋ ಇಲ್ವೋ?"

"ಇದೆ ಸಾರ್" ಎಂದಳು ಅತ್ತಿಗೆ. ಇರಲಿಲ್ಲ. "ಅಂದ್ರೆ, ಬರ್ತಾ ಇದೆ."

ಮಣ್ಣು ಗಟ್ಟಿಯಾದದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ನೆಲಮಾಳಿಗೆಗೆ ಬಣ್ಣ ಬಳಿಸುವಾಗ ಎಲ್ಲರ ಕಾರುಗಳನ್ನೂ ಈ ಹುಲ್ಲಿನ ಮೇಲೆ ತಂದು ನಿಲ್ಲಿಸಿದ್ದರು. ಹಾಗೆ ನಿಲ್ಲಿಸಲು ಅಪ್ಪಣೆ ಕೊಟ್ಟವರು ಇದೇ ಕಾರ್ಯದರ್ಶಿಗಳು. ಅದನ್ನು ಅವರ ಮುಖದೆದುರೇ ಹೇಳುವ ಧೈರ್ಯ ಅವಳಿಗಾಗಲಿಲ್ಲ. ಗುತ್ತಿಗೆ ಮುಂದುವರಿಸುವ ಮಾತು ಇನ್ನೂ ಮೇಜಿನ ಮೇಲೆಯೇ ಇತ್ತು.

ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಪ್ರೊಫೆಸರ್ ಕನ್ನಡಕ ಒರೆಸಿಕೊಂಡ. ಅದು ಒಳ್ಳೆಯ ಲಕ್ಷಣವಲ್ಲವೆಂದು ಮನೆಯವರಿಗೆಲ್ಲ ಗೊತ್ತು. ಆಮೇಲೆ ಅವನು ಊಟಕ್ಕೆ ಕೂತಾಗ ಮಣ್ಣು, ಹಲ್ಲುಜ್ಜುವಾಗ ಮಣ್ಣು. ಬಾಯಿ ತುಂಬ ನೊರೆ ತುಂಬಿಕೊಂಡೇ ಬಚ್ಚಲಿನಿಂದ ಹೊರಗೆ ಬಂದು, "ಮೊಳೆ ಬೇರೆ, ಕೊಳವೆ ಬೇರೆ, ಗೊತ್ತಾಯ್ತಾ?" ಎನ್ನುತ್ತಿದ್ದ. ಮೊಳೆಯ ಯಂತ್ರ ಮಣ್ಣನ್ನು ಚುಚ್ಚುತ್ತದಷ್ಟೆ, ಚುಚ್ಚಿದ ಕಡೆ ಸುತ್ತಲಿನ ಮಣ್ಣು ಇನ್ನಷ್ಟು ಒತ್ತಿಕೊಳ್ಳುತ್ತದೆ. ಟೊಳ್ಳು ಕೊಳವೆಯ ಯಂತ್ರ ಮಣ್ಣಿನ ತುಂಡನ್ನೇ ಕಿತ್ತು ಹೊರಗೆ ಹಾಕುತ್ತದೆ, ಒಳಗೆ ಜಾಗವಾಗುತ್ತದೆ, ಗಾಳಿ ಆಡುತ್ತದೆ, ಹೊರಗೆ ಬಿದ್ದ ತುಂಡುಗಳು ತಾವಾಗಿಯೇ ಪುಡಿಯಾಗಿ ಹುಲ್ಲಿನೊಳಗೆ ಸೇರಿಹೋಗುತ್ತವೆ. ಅವನು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ, ನಿಲ್ಲಿಸುವುದೊಂದು ಗೊತ್ತಿರಲಿಲ್ಲ, ಅಷ್ಟೆ. ತುಂಡುಗಳ ವಿಚಾರಕ್ಕೆ ಬರುವ ಹೊತ್ತಿಗೆ ಅತ್ತಿಗೆ ಸಾಮಾನ್ಯವಾಗಿ ಎದ್ದು ಪಾತ್ರೆ ತೊಳೆಯಲು ಹೋಗಿರುತ್ತಿದ್ದಳು.

ಚಿಕ್ಕೋನಿಗೆ ಈ ವಿಜ್ಞಾನವೆಲ್ಲ ಬೇಡ. ಅವನ ಕಣ್ಣು ಕೂತು ಓಡಿಸುವ ಯಂತ್ರದ ಮೇಲಿತ್ತು. ಪಕ್ಕದ ಬೀದಿಯ ತೋಟದ ಕಂಪನಿಯವರ ಹತ್ತಿರ ಕೂತು ಓಡಿಸುವ ಹುಲ್ಲುಗತ್ತರಿ ಇತ್ತು. ಅವರ ಹುಡುಗರು ಕಪ್ಪು ಕನ್ನಡಕ ಹಾಕಿಕೊಂಡು ಅದರ ಮೇಲೆ ಕೂತು ಹೋಗುವಾಗ ಚಿಕ್ಕೋನ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು.

ಕೊನೆಗೆ ಮೂವರೂ ಯಂತ್ರದ ಅಂಗಡಿಗೆ ಹೋದರು. ಉದ್ದಕ್ಕೆ ಸಾಲಾಗಿ ನಿಲ್ಲಿಸಿದ ಕೆಂಪು, ಹಸಿರು, ಹಳದಿ ಯಂತ್ರಗಳು, ಹೊಸ ರಬ್ಬರಿನ ವಾಸನೆ, ಮೇಲೆ ತಣ್ಣನೆಯ ಗಾಳಿ. ಅಂಗಡಿಯ ಮಾರಾಟಗಾರ ಯಾರ ಮಾತನ್ನೂ ತೆಗೆದುಹಾಕುವವನಲ್ಲ.

"ಕೊಳವೆಯದೇ ಒಳ್ಳೇದು ಅನ್ಸುತ್ತೆ" ಎಂದ ಪ್ರೊಫೆಸರ್.

"ನೂರಕ್ಕೆ ನೂರು ಸರಿ ಸಾರ್. ತಿಳಿದೋರೆಲ್ಲ ಅದನ್ನೇ ತಗೊಳ್ಳೋದು."

"ಕೂತು ಓಡಿಸೋದಾದ್ರೆ ಬೇಗ ಮುಗಿಯತ್ತೆ" ಎಂದ ಚಿಕ್ಕೋನು.

"ಅದಂತೂ ಬಿಡಿ, ಅದರ ಮಾತೇ ಬೇರೆ."

"ಬಾಡಿಗೆಗೆ ತಂದು ಮಾಡಿದ್ರೂ ಆಗುತ್ತೇನೋ" ಎಂದಳು ಅತ್ತಿಗೆ, ಅವನನ್ನು ಪರೀಕ್ಷಿಸಲೆಂದೇ.

"ತುಂಬಾ ಜನ ಹಾಗೇ ಮಾಡ್ತಾರಮ್ಮ, ಜಾಣತನ" ಎಂದ ಮಾರಾಟಗಾರ, ಆಮೇಲೆ ತಾನೇನು ಹೇಳಿದೆನೆಂದು ಹೊಳೆದು ನಾಲಿಗೆ ಕಚ್ಚಿಕೊಂಡ.

ಅಷ್ಟರಲ್ಲಿ ಚಿಕ್ಕೋನು ಕೂತು ಓಡಿಸುವ ಯಂತ್ರ ಹತ್ತಿ ಕೂತಿದ್ದ. ಸ್ಟೀರಿಂಗ್ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿದ. ಇಳಿ ಎಂದರೆ ಇಳಿಯಲೊಲ್ಲ.

"ಅಪಾರ್ಟ್‌ಮೆಂಟಿನ ಹುಲ್ಲಿಗೆ ಹೋಗೋ ದಾರಿ ಎಷ್ಟಗಲ ಇದೆ ಗೊತ್ತಾ?" ಎಂದಳು ಅತ್ತಿಗೆ. "ಇದು ಒಳಗೆ ಹೋಗ್ಬೇಕು ಅಂದ್ರೆ ಬೇಲಿ ಕೀಳ್ಬೇಕು."

"ಕೀಳೋಣ. ಕಾರುಗಳು ಹೋದ್ಮೇಲೆ ನಾವೇ ನೆಟ್ಟ ಬೇಲಿ ತಾನೇ?"

"ಇಳೀತೀಯೋ, ಇಲ್ಲ ನಿಮ್ಮಣ್ಣನ ಕೈಲಿ ಬೇಲಿ ಬಗ್ಗೆ ಮಾತಾಡಿಸ್ಲೋ?"

ಚಿಕ್ಕೋನು ತಟ್ಟನೆ ಇಳಿದ.

ಕೊನೆಗೆ ತೀರ್ಮಾನವಾದದ್ದು ಹಿಂದಿನಿಂದ ಹಿಡಿದು ನಡೆಯುವ, ಕೊಳವೆ ಉರುಳೆಯ ಒಂದು ಹಸಿರು ಯಂತ್ರ. ಅದರ ಬೆಲೆ ಕೇಳಿ ಮೂವರೂ ಸ್ವಲ್ಪ ಹೊತ್ತು ಮೂರು ದಿಕ್ಕು ನೋಡಿದರು. ಅವರ ಮುಖ ಕಂಡು ಮಾರಾಟಗಾರ ಒಳಗಿನಿಂದ ಒಂದು ಡಬ್ಬಿ ತಂದು, "ಇದು ನಮ್ಮ ಕಡೆಯಿಂದ ಗಿಫ್ಟು" ಎಂದ. ಡಬ್ಬಿಯಲ್ಲಿ ಒಂದು ಜೊತೆ ಮೊಳೆಚಪ್ಪಲಿಯಿತ್ತು. ದಪ್ಪ ಅಟ್ಟೆ, ಅದರಡಿ ಬೆರಳುದ್ದದ ಮೊಳೆಗಳು, ಮೇಲೆ ಬೂಟಿಗೆ ಬಿಗಿದುಕೊಳ್ಳುವ ಪಟ್ಟಿಗಳು. ಹಾಕಿಕೊಂಡು ಹುಲ್ಲಿನ ಮೇಲೆ ನಡೆದರೆ ಸಾಕಂತೆ, ತೂತಾಗುತ್ತದಂತೆ. "ಇದು ಮಣ್ಣಿಗೆ ಮಾಡೋ ಅವಮಾನ" ಎಂದು ಪ್ರೊಫೆಸರ್ ಮೂಗು ಮುರಿದ. ಪುಕ್ಕಟೆ ಬಂದದ್ದನ್ನು ಬೇಡ ಎನ್ನಲು ಬಾಯಿ ಬಾರದೆ ಅತ್ತಿಗೆ ಅದನ್ನು ವ್ಯಾನಿನ ಮೂಲೆಗೆ ಎಸೆದಳು.

ಈಗ ಅತ್ತಿಗೆ ಒಂದು ತಪ್ಪು ಮಾಡಿದಳು. ಯಂತ್ರ ಯಾವ ದಿನ ತರುತ್ತೇವೆಂದು ಕಾರ್ಯದರ್ಶಿಗಳಿಗೆ ಮೊದಲೇ ತಿಳಿಸಬಹುದಿತ್ತು, ಅದು ಏನು ಮಾಡುತ್ತದೆಂದೂ ಹೇಳಬಹುದಿತ್ತು. ಆದರೆ ಅವಳಿಗೊಂದು ಆಸೆ. ಜನ ಏಳುವ ಮೊದಲೇ ಕೆಲಸ ಮುಗಿಸಬೇಕು, ಅವರು ಬಾಲ್ಕನಿಗೆ ಬಂದು ನೋಡಿದರೆ ಅಬ್ಬಾ ಎನ್ನಬೇಕು. ಇಷ್ಟು ವರ್ಷ ಆ ಕಟ್ಟಡಗಳ ಕೆಳಗೆ ಬಗ್ಗಿ ದುಡಿದರೂ ಮೇಲಿನಿಂದ ಒಬ್ಬರೂ ಅಬ್ಬಾ ಎಂದಿರಲಿಲ್ಲ. ಹುಲ್ಲು ಚೆನ್ನಾಗಿದ್ದರೆ ಮಳೆ ಚೆನ್ನಾಗಾಗಿದೆ ಎನ್ನುತ್ತಿದ್ದರು. ಹಾಳಾಗಿದ್ದರೆ ಮಾತ್ರ ಅವಳ ಫೋನು ಬಡಿದುಕೊಳ್ಳುತ್ತಿತ್ತು.

ಹಿಂದಿನ ಸಂಜೆ ನೀರುಣಿಸಿ, ಬೆಳಕು ಹರಿಯುತ್ತಿದ್ದಂತೆ ಶುರು ಮಾಡಿದರು. ಯಂತ್ರ ಸದ್ದಿಗಿಂತ ಹೆಚ್ಚಾಗಿ ಹಟ ಮಾಡಿತು. ಚಿಕ್ಕೋನು ಅದನ್ನು ನಡೆಸುತ್ತಿದ್ದಾನೋ, ಅದೇ ಅವನನ್ನು ಎಳೆದುಕೊಂಡು ಹೋಗುತ್ತಿದೆಯೋ ಹೇಳುವುದು ಕಷ್ಟವಾಗಿತ್ತು. ತಿರುವಿನಲ್ಲಿ ಅವನ ಕಾಲು ನೆಲದಿಂದ ಮೇಲೆದ್ದದ್ದನ್ನು ಅತ್ತಿಗೆ ಕಣ್ಣಾರೆ ಕಂಡಳು. ಪ್ರೊಫೆಸರ್ ಹಿಂದೆ ಹಿಂದೆಯೇ ನಡೆದು, ತೂತುಗಳೊಳಗೆ ಬೆರಳಿಟ್ಟು ಆಳ ನೋಡುತ್ತ, "ಆಹಾ, ಆಹಾ" ಎನ್ನುತ್ತಿದ್ದ. ಮುಗಿದಾಗ ಇಡೀ ಹುಲ್ಲುಹಾಸಿನ ತುಂಬ ಸಾಲು ಸಾಲು ತೂತುಗಳಿದ್ದವು. ಪ್ರತಿ ತೂತಿನ ಪಕ್ಕದಲ್ಲೂ ಬೆರಳು ಗಾತ್ರದ, ಕಂದು ಬಣ್ಣದ, ಇಬ್ಬನಿಯಲ್ಲಿ ಮಿರುಗುವ ಒಂದೊಂದು ಮಣ್ಣಿನ ತುಂಡು. ಅತ್ತಿಗೆಗೆ ಅದು ತಿದ್ದಿ ತೀಡಿದ ಕಸೂತಿಯ ಹಾಗೆ ಕಂಡಿತು. ಮೂವರೂ ಎದುರಿನ ಅಂಗಡಿಗೆ ಟೀ ಕುಡಿಯಲು ಹೋದರು.

ಮರಳಿ ಬಂದಾಗ ಹುಲ್ಲುಹಾಸಿನ ಸುತ್ತ ಜನ ನೆರೆದಿದ್ದರು. ಕೆಲವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಮಕ್ಕಳನ್ನು ತಾಯಂದಿರು ಹಿಂದಕ್ಕೆಳೆಯುತ್ತಿದ್ದರು. ಕಾರ್ಯದರ್ಶಿಗಳು ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ನಡುವೆ ನಿಂತಿದ್ದರು. ಅವರೆದುರು ನೆಲಮಹಡಿಯ ದಂತವೈದ್ಯೆ. ಅರವತ್ತು ದಾಟಿದ ಒಂಟಿ ಹೆಂಗಸು, ಗಟ್ಟಿ ದನಿ. ಅವರ ತೋಳಿನಲ್ಲಿ ಅಂಗೈಯಗಲದ ಒಂದು ನಾಯಿ ಕೂತು ನಡುಗುತ್ತಿತ್ತು.

"ಈ ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಿರೋರು ನೀವೊಬ್ರೇ" ಎನ್ನುತ್ತಿದ್ದರು ಕಾರ್ಯದರ್ಶಿಗಳು.

"ಇದನ್ನ ನೋಡಿ ಸಾರ್. ನನ್ನ ಬೂಟಿಗಿಂತ ಚಿಕ್ಕದಿದೆ. ಇದು ಇಷ್ಟನ್ನೂ ಮಾಡೋಕೆ ಸಾಧ್ಯಾನಾ?"

"ಒಂದೇ ದಿನದಲ್ಲಿ ಮಾಡಿದೆ ಅಂತ ನಾನೆಲ್ಲಿ ಹೇಳಿದೆ?"

"ನಂಗಂತೂ ವಾರದಿಂದ ವಾಸನೆ ಬರ್ತಾನೇ ಇದೆ" ಎಂದರು ಎಂಟನೇ ಮಹಡಿಯ ಒಬ್ಬರು. ಅವರ ಪಕ್ಕದವರು ಗೋಣು ಹಾಕಿ, ತಮಗೆ ತಲೆನೋವೂ ಬರುತ್ತಿದೆಯೆಂದು ಸೇರಿಸಿದರು.

ಅತ್ತಿಗೆಗೆ ಈಗ ಅರ್ಥವಾಗಿತ್ತು. ಅವಳು ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದಳು. "ಸಾರ್, ಅದು ಮಣ್ಣು! ನಾವೇ ಮಾಡಿದ್ದು!"

ಎಲ್ಲರೂ ತಿರುಗಿ ಅವಳನ್ನೂ, ಚಿಕ್ಕೋನನ್ನೂ, ಪ್ರೊಫೆಸರನ್ನೂ ನೋಡಿದರು. ಆ ನೋಟದಿಂದ ಅವಳಿಗೆ ತಾನು ಹೇಳಿದ ಮಾತಿನಲ್ಲೇನೋ ಎಡವಟ್ಟಾಗಿದೆ ಅನ್ನಿಸಿತು. "ಅಂದ್ರೆ ಮಷೀನ್ ಮಾಡಿದ್ದು" ಎಂದು ತಿದ್ದಿದಳು. ಕೆಳಗೆ ಬಗ್ಗಿ ಒಂದು ತುಂಡನ್ನೆತ್ತಿ ಅಂಗೈಯಲ್ಲಿಟ್ಟು ಹಿಸುಕಿ ಪುಡಿ ಮಾಡಿದಳು. ಇಬ್ಬರು ಹೆಂಗಸರು ಕಿರುಚಿದರು. ಯಾರೋ ಮಗುವಿನ ಕಣ್ಣು ಮುಚ್ಚಿದರು.

ಹೆಂಡತಿಯ ಸಹಾಯಕ್ಕೆ ಪ್ರೊಫೆಸರ್ ಮುಂದೆ ಬಂದ. ಇಷ್ಟು ದೊಡ್ಡ ಸಭೆ ಅವನಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. "ಯಾರೂ ಗಾಬರಿ ಆಗ್ಬೇಡಿ" ಎಂದ ಕನ್ನಡಕ ಒರೆಸುತ್ತ. "ಇದು ತುಂಬ ಸಹಜ. ಒಳಗೆ ಗಟ್ಟಿಯಾಗಿ ಕೂತಿರುತ್ತೆ, ಅದಕ್ಕೇ ಒದ್ದಾಟ. ಹೊರಗೆ ಬಂದ್ರೇನೇ ಒಳಗೆ ಆರಾಮ. ಎರಡು ಮೂರು ವಾರ ಹೀಗೇ ಬಿಟ್ರೆ ತಾನಾಗೇ ಕರಗುತ್ತೆ, ಹುಲ್ಲಿಗೂ ಒಳ್ಳೇದು."

ಎಂಟನೇ ಮಹಡಿಯವರು ಬಾಯಿಗೆ ಕೈ ಅಡ್ಡ ಹಿಡಿದು ಲಿಫ್ಟಿನ ಕಡೆಗೆ ಓಡಿದರು.

ಕೊನೆಗೆ ನಂಬಿಕೆ ಬಂದದ್ದು ಚಿಕ್ಕೋನಿಂದ. ಅವನು ಮಾತಿಗೆ ಹೋಗದೆ ಯಂತ್ರವನ್ನು ಶುರು ಮಾಡಿ ಎಲ್ಲರ ಕಣ್ಣೆದುರು ಒಂದು ಸಾಲು ಓಡಿಸಿದ. ಯಂತ್ರದ ಹಿಂದಿನಿಂದ ತುಂಡುಗಳು ಟಪಟಪ ಉದುರಿದವು. ಕರವಸ್ತ್ರಗಳು ಮೆಲ್ಲಗೆ ಜೇಬು ಸೇರಿದವು. ವಾರದಿಂದ ವಾಸನೆ ಬರುತ್ತಿದೆ ಎಂದವರನ್ನು ಯಾರೂ ಏನೂ ಕೇಳಲಿಲ್ಲ.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ಅತ್ತಿಗೆ ಉಸಿರು ಬಿಟ್ಟಳು. ಆದರೆ ಕಾರ್ಯದರ್ಶಿಗಳ ಕೆಲಸ ಆಗಷ್ಟೇ ಶುರುವಾಗಿತ್ತು.

"ಸರಿ, ಮಣ್ಣು" ಎಂದರು ಅವರು. "ಯಾರ ಮಣ್ಣು?"

"ಅಂದ್ರೆ?"

"ಈ ಮಣ್ಣು ಸಂಘದ ಆಸ್ತಿ. ಹೊರಗೆ ತೆಗೆಯೋಕೆ ನಿಮಗೆ ಅನುಮತಿ ಕೊಟ್ಟೋರು ಯಾರು? ನಾನು ಕೇಳಿದ್ದು ಗಾಳಿ ಒಳಗೆ ಹಾಕಿ ಅಂತ. ಮಣ್ಣು ಹೊರಗೆ ತೆಗೀರಿ ಅಂತ ಕೇಳಿದ್ನಾ?"

"ಸಾರ್, ತೆಗೆದ್ರೆ ತಾನೆ ಗಾಳಿಗೆ ಜಾಗ?"

"ತೆಗೆದದ್ದು ತೆಗೆದ ಜಾಗಕ್ಕೇ ವಾಪಸ್ ಹೋಗ್ಬೇಕು."

ಅತ್ತಿಗೆ ಹುಲ್ಲುಹಾಸಿನ ಈ ತುದಿಯಿಂದ ಆ ತುದಿಗೆ ಒಮ್ಮೆ ಕಣ್ಣಾಡಿಸಿದಳು. "ಯಾವ ತುಂಡು ಯಾವ ತೂತಿಂದು ಅಂತ ಹೇಗೆ ಗೊತ್ತಾಗ್ಬೇಕು ಸಾರ್?"

"ಅದನ್ನ ತೆಗೆಯೋಕೆ ಮುಂಚೆ ಯೋಚಿಸ್ಬೇಕಿತ್ತು."

ಅದೇ ಬೆಳಿಗ್ಗೆ ಸಂಘದ ಕೋಣೆಯಲ್ಲಿ ತುರ್ತುಸಭೆ ಸೇರಿತು. ಉದ್ದನೆಯ ಮೇಜಿನ ಒಂದು ಕೊನೆಯಲ್ಲಿ ಅತ್ತಿಗೆಯ ಮನೆಯವರನ್ನು ಕೂರಿಸಿದರು. ತುಂಡುಗಳನ್ನು ಮರಳಿ ತುಂಬಬೇಕು ಎನ್ನುವವರದೊಂದು ಗುಂಪಾಯಿತು. ಗುಡಿಸಿ ಎಸೆದು ಕೈತೊಳೆದುಕೊಳ್ಳಬೇಕು ಎನ್ನುವವರದು ಇನ್ನೊಂದು. ದಂತವೈದ್ಯೆ ಎದ್ದು ನಿಂತು, "ಕೆಲಸ ಗೊತ್ತಿರೋರು ಬಿಡಿ ಅಂದಮೇಲೆ ಬಿಡ್ಬೇಕಪ್ಪ, ಅದಕ್ಕೆ ಯಾಕೆ ಸಭೆ?" ಎಂದರು. ಜೊತೆಗೆ, ತಮ್ಮ ನಾಯಿಗೆ ಆದ ಅವಮಾನಕ್ಕೆ ಕಾರ್ಯದರ್ಶಿಗಳು ಎಲ್ಲರೆದುರು ಕ್ಷಮೆ ಕೇಳಬೇಕೆಂದೂ ಹೇಳಿದರು. ನಾಯಿ ಸಂಘದ ಸದಸ್ಯನಲ್ಲವಾದ್ದರಿಂದ ಆ ವಿಷಯ ಚರ್ಚೆಗೆ ಬರಲಾರದು ಎಂದರು ಕಾರ್ಯದರ್ಶಿಗಳು. ಬಿಸ್ಕತ್ತು ಬಂತು, ಕಾಫಿ ಬಂತು, ಕಾಫಿ ತಣ್ಣಗಿದೆ ಎಂಬ ಬಗ್ಗೆಯೂ ಸಾಕಷ್ಟು ಮಾತಾಯಿತು. ಕೊನೆಗೆ ಯಾರಿಗೂ ನೋವಾಗದ ಹಾಗೆ ತೀರ್ಮಾನ ಹೊರಬಿತ್ತು. ಹುಲ್ಲುಹಾಸನ್ನು ಮೂರು ಭಾಗ ಮಾಡುವುದು. ಒಂದರಲ್ಲಿ ತುಂಡುಗಳನ್ನು ಮರಳಿ ತುಂಬುವುದು, ಇನ್ನೊಂದರಲ್ಲಿ ಗುಡಿಸಿ ಎಸೆಯುವುದು, ದಂತವೈದ್ಯೆಯ ಮನೆಯ ಮುಂದಿನದನ್ನು ಇದ್ದ ಹಾಗೇ ಬಿಡುವುದು.

ಅತ್ತಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪ್ರೊಫೆಸರ್ ಮಾತ್ರ ಹಿಗ್ಗಿ ಹೀರೇಕಾಯಿಯಾದ. "ಇದು ಪ್ರಯೋಗ ಕಣೇ!" ಎಂದ ಅವಳ ಕಿವಿಯಲ್ಲಿ. "ದುಡ್ಡು ಕೊಟ್ರೂ ಇಂಥ ಅವಕಾಶ ಸಿಗಲ್ಲ."

ಮಧ್ಯಾಹ್ನವೆಲ್ಲ ಮೂವರೂ ಮೊಣಕಾಲೂರಿ, ಬಿಸಿಲಿಗೆ ಬೆನ್ನು ಕೊಟ್ಟು, ತುಂಡುಗಳನ್ನು ಒಂದೊಂದಾಗಿ ತೂತುಗಳಿಗೆ ತುರುಕಿದರು. ಮೇಲಿನ ಬಾಲ್ಕನಿಗಳಿಂದ ಸಲಹೆಗಳು ಇಳಿದುಬಂದವು. "ಅಲ್ಲೊಂದು ಬಿಟ್ಟೋಗಿದೆ ನೋಡಿ!" "ತಲೆಕೆಳಗಾಗಿ ಹಾಕ್ಬೇಡಿ!" ಚಿಕ್ಕೋನು ಹಲ್ಲು ಕಡಿಯುತ್ತ, "ಕೂತು ಓಡಿಸೋದು ತಗೊಂಡಿದ್ರೆ ಕೂತಾದ್ರೂ ಬೈಸ್ಕೋಬಹುದಿತ್ತು" ಎಂದ. ಅತ್ತಿಗೆಗೆ ಕೋಪ ಇವರ ಮೇಲೆಲ್ಲ ಬರುವುದಕ್ಕಿಂತ ತನ್ನ ಮೇಲೆಯೇ ಬಂದಿತ್ತು. ಹಿಂದಿನ ದಿನ ಬಾಯಿಬಿಟ್ಟು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಹಾಳು ಅಬ್ಬಾಕ್ಕೆ ಆಸೆಪಟ್ಟು ಗಂಡನನ್ನೂ ಮೈದುನನನ್ನೂ ಮಣ್ಣಿಗೆ ಮಂಡಿಯೂರಿಸಿದ್ದಳು.

ಸಾಮಾನು ತುಂಬುವಾಗ ಕಾರ್ಯದರ್ಶಿಗಳು ವ್ಯಾನಿನ ಹತ್ತಿರ ಬಂದರು. ಎಲ್ಲ ಸರಿಯಾಗಿ ಹೊರಡುತ್ತಿದೆಯೇ, ಸಂಘದ ಮಣ್ಣೇನಾದರೂ ಚಕ್ರಕ್ಕಂಟಿ ಹೋಗುತ್ತಿದೆಯೇ ಎಂದು ನೋಡುವಂತಿತ್ತು ಅವರ ನೋಟ. ಮೂಲೆಯಲ್ಲಿದ್ದ ಮೊಳೆಚಪ್ಪಲಿ ಅವರ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದರು. ಚಿಕ್ಕೋನು ಹೇಳಿದ.

ಅವರ ಮುಖ ಬೆಳಗಿತು. "ಇದು! ಇದೇ ಬೇಕಾಗಿದ್ದು! ಸದ್ದಿಲ್ಲ, ಗದ್ದಲ ಇಲ್ಲ, ಕೊಳೆ ಇಲ್ಲ. ಗಾಳಿ ಒಳಗೆ, ಮಣ್ಣು ಒಳಗೇ. ಇಂಥದ್ದನ್ನ ಮುಚ್ಚಿಟ್ಕೊಂಡು ಆ ರಾಕ್ಷಸನ್ನ ತಂದಿದೀರಲ್ಲ!"

"ಅದರಿಂದ ಮಣ್ಣು ಇನ್ನೂ ಒತ್ತಿಕೊಳ್ಳುತ್ತೆ ಸಾರ್. ಯಾಕಂದ್ರೆ—" ಎಂದು ಪ್ರೊಫೆಸರ್ ಶುರುಮಾಡಿದ. ಅತ್ತಿಗೆ ಅವನ ಕೈ ಚಿವುಟಿದಳು. ಇವತ್ತಿಗೆ ಸಾಕಾಗಿತ್ತು ಅವಳಿಗೆ. ಚಪ್ಪಲಿ ಕಾರ್ಯದರ್ಶಿಗಳ ಮನೆ ಸೇರಿತು.

ಮುಂದಿನ ಭಾನುವಾರ ಪ್ರಾತ್ಯಕ್ಷಿಕೆ ಇಟ್ಟುಕೊಂಡರು. ಸದಸ್ಯರೇ ಸರದಿಯ ಮೇಲೆ ಈ ಚಪ್ಪಲಿ ತೊಟ್ಟು ನಡೆದರೆ ಹುಲ್ಲಿಗೆ ಗಾಳಿ, ದೇಹಕ್ಕೆ ವ್ಯಾಯಾಮ, ಇದು ಕಾರ್ಯದರ್ಶಿಗಳ ಯೋಜನೆ. ಅತ್ತಿಗೆಯನ್ನೂ ಮನೆಯವರನ್ನೂ ಬರಹೇಳಿದ್ದರು, ಕಲಿತುಕೊಳ್ಳಲಿ ಎಂದು. ಈ ನಡುವೆ ಎಂಟನೇ ಮಹಡಿಯವರಿಗೆ ಇನ್ನೂ ವಾಸನೆ ಬರುತ್ತಿದೆಯೆಂದು, ಅದು ತೊಳೆದುಹೋಗಲಿ ಎಂದು ಹುಲ್ಲಿಗೆ ಹಗಲೂ ಇರುಳೂ ನೀರು ಬಿಡಿಸಿದ್ದರು. ಹುಲ್ಲುಹಾಸಿನ ನಡುಭಾಗ ಹದವಾಗಿ ಕಲಸಿದ ಹಿಟ್ಟಿನ ಹಾಗಿತ್ತು.

ಕಾರ್ಯದರ್ಶಿಗಳು ಪಾಲಿಷ್ ಮಾಡಿದ ಬೂಟಿನ ಮೇಲೆ ಚಪ್ಪಲಿ ಬಿಗಿಸಿಕೊಂಡು ಇಳಿದರು. ಮೊದಮೊದಲು ನಡಿಗೆ ಗಂಭೀರವಾಗಿಯೇ ಇತ್ತು. ಕಾಲೆತ್ತಿದಾಗೆಲ್ಲ ನೆಲ ಚುಂಬಿಸಿದ ಸದ್ದು ಬರುತ್ತಿತ್ತು. ನಡುವಿಗೆ ಬರುತ್ತಿದ್ದಂತೆ ಆ ಸದ್ದು ನಿಂತಿತು. ಅವರೂ ನಿಂತರು. ಎಡಗಾಲೆತ್ತಲು ನೋಡಿದರು, ಬರಲಿಲ್ಲ. ಬಲಗಾಲಿಗೆ ಬಲ ಹಾಕಿದರು, ಅದು ಇನ್ನಷ್ಟು ಇಳಿಯಿತು. ಆದರೆ ಅವರು ಸಾಮಾನ್ಯರಲ್ಲ. ಬೇಕೆಂದೇ ಅಲ್ಲಿ ನಿಂತವರಂತೆ ಕೋಟು ಸರಿಮಾಡಿಕೊಂಡು, ಅಪಾರ್ಟ್‌ಮೆಂಟಿನ ಸ್ವಚ್ಛತೆಯ ಬಗ್ಗೆ ಭಾಷಣ ಶುರು ಮಾಡಿದರು. ನೀರಿನ ತೊಟ್ಟಿ ಮುಗಿಯಿತು, ಲಿಫ್ಟು ಮುಗಿಯಿತು, ಕಸದ ವಿಂಗಡಣೆ ಮುಗಿಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊದಲು ಅರಿತದ್ದು ಅತ್ತಿಗೆ. ಅವಳು ಹಲಗೆಯೊಂದನ್ನು ಹಾಕಿಕೊಂಡು ಹತ್ತಿರ ಹೋದಳು. "ಸಾರ್, ಪಟ್ಟಿ ಬಿಚ್ಚಿಬಿಡ್ತೀನಿ, ಈಚೆ ಬನ್ನಿ."

"ಬಿಚ್ಚೋಕಾಗಲ್ಲ" ಎಂದರು ತುಟಿ ಅಲುಗಿಸದೆ. ಪಟ್ಟಿಯ ಕೊಂಡಿಗಳು ಕೆಸರಿನೊಳಗೆ ಹೂತುಹೋಗಿದ್ದವು.

"ಹಾಗಾದ್ರೆ ಬೂಟಿಂದ ಕಾಲು ಎಳ್ಕೊಂಡುಬಿಡಿ."

ಅವರು ಸುತ್ತ ಒಮ್ಮೆ ನೋಡಿ, ಸ್ವರ ಇನ್ನೂ ತಗ್ಗಿಸಿ, "ಅಮ್ಮಾ, ಸಾಕ್ಸ್ ಹರಿದಿದೆ" ಎಂದರು. "ಎರಡೂ."

ಅತ್ತಿಗೆ ಅವರ ಮುಖ ನೋಡಿದಳು. ಬೆವರಿಳಿಯುತ್ತಿತ್ತು. ಗದ್ದದ ಹತ್ತಿರ ಕ್ಷೌರ ಮಾಡುವಾಗ ಬಿಟ್ಟುಹೋದ ನಾಲ್ಕು ಬಿಳಿ ಕೂದಲು. ಅವರ ಹೆಂಡತಿ ತೀರಿಹೋಗಿ ಬಹಳ ದಿನವಾಗಿಲ್ಲವೆಂದು ಕಾವಲುಗಾರ ಎಂದೋ ಹೇಳಿದ್ದು ನೆನಪಾಯಿತು. ಅವಳು ತಿರುಗಿ, "ಚಪ್ಪಲಿ ಹೊಸದು, ಹಾಳಾಗುತ್ತೆ, ಬಿಚ್ಚೋದು ಬೇಡ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. "ಇವರನ್ನ ಹಾಗೇ ಎತ್ತೋಣ!"

ಚಿಕ್ಕೋನೂ ಪ್ರೊಫೆಸರೂ ಎರಡು ಕಡೆಯಿಂದ ತೋಳು ಹಿಡಿದು ಎಳೆದರು. ಕಾರ್ಯದರ್ಶಿಗಳು ಮೇಲೆ ಬರುವ ಬದಲು ಉದ್ದವಾದ ಹಾಗೆ ಕಂಡಿತು.

"ನಿಲ್ಸಿ, ನಿಲ್ಸಿ!" ಗಟ್ಟಿ ದನಿಯೊಂದು ಕೇಳಿತು. ದಂತವೈದ್ಯೆ ನಾಯಿಯನ್ನು ಕಂಕುಳಲ್ಲಿರಿಸಿಕೊಂಡು ಹಲಗೆಯ ಮೇಲೆ ನಡೆದುಬಂದರು. "ಹೀಗಾ ಕೀಳೋದು? ಮೇಲಕ್ಕೆ ಎಳೀಬಾರ್ದು. ಮೊದಲು ಆಚೆ ಈಚೆ ಅಲ್ಲಾಡಿಸಿ ಸಡಿಲ ಮಾಡ್ಕೋಬೇಕು. ಆಮೇಲೆ ತಿರುಚಿ ಎತ್ತಬೇಕು. ನಲವತ್ತು ವರ್ಷ ಇದನ್ನೇ ಮಾಡಿದೀನಿ." ಆಮೇಲೆ ಅಭ್ಯಾಸಬಲದಿಂದ ಕಾರ್ಯದರ್ಶಿಗಳ ಕಡೆ ತಿರುಗಿ, "ಬಾಯಿ ತೆರೀರಿ" ಎಂದರು.

ಅವರು ತೆರೆದರು.

ದಂತವೈದ್ಯೆ ಒಂದು ಕ್ಷಣ ತಡೆದು, "ಹೇಗೂ ತೆರೆದಿದೀರಲ್ಲ, ಹಾಗೇ ಒಂದು ಮಾತು ಹೇಳಿಬಿಡಿ" ಎಂದು ನಾಯಿಯನ್ನು ಅವರ ಮುಖದ ಮುಂದೆ ಹಿಡಿದರು.

ನಾಯಿ ಕಾರ್ಯದರ್ಶಿಗಳನ್ನು ನೋಡಿತು, ಕಾರ್ಯದರ್ಶಿಗಳು ನಾಯಿಯನ್ನು ನೋಡಿದರು. "ತಪ್ಪಾಯ್ತು" ಎಂದರು. ನಾಯಿ ಅವರ ಮೂಗು ನೆಕ್ಕಿತು.

"ಅಲ್ಲಾಡಿಸಿ" ಎಂದರು ದಂತವೈದ್ಯೆ.

ಆಚೆ ಈಚೆ, ಆಚೆ ಈಚೆ, ಒಂದು ತಿರುಚು. ಮೊದಲು ಬಲಗಾಲು, ಆಮೇಲೆ ಎಡಗಾಲು. ನೆಲ ದೊಡ್ಡದೊಂದು ಸದ್ದು ಮಾಡಿ ಅವರನ್ನು ಬಿಟ್ಟುಕೊಟ್ಟಿತು. ಬಾಲ್ಕನಿಗಳಿಂದ ಚಪ್ಪಾಳೆ ಬಿತ್ತು. ಮೇಲಿನಿಂದ ಯಾರೋ ಹೆಂಗಸು "ಅಬ್ಬಾ!" ಎಂದದ್ದು ಅತ್ತಿಗೆಗೆ ಕೇಳಿಸಿತು. ಅದು ಹುಲ್ಲಿಗಲ್ಲವಾದ್ದರಿಂದ ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಾರಗಳು ಕಳೆದವು, ಒಂದೆರಡು ಒಳ್ಳೆಯ ಮಳೆಯಾದವು. ದಂತವೈದ್ಯೆಯ ಮನೆಯ ಮುಂದಿನ ಭಾಗದಲ್ಲಿ ಹುಲ್ಲು ದಟ್ಟವಾಗಿ, ಕಣ್ಣು ಕುಕ್ಕುವಷ್ಟು ಹಸಿರಾಗಿ ಎದ್ದಿತು. ಗುಡಿಸಿದ ಭಾಗ ಹಾಗೂ ಹೀಗೂ ಚೇತರಿಸಿಕೊಂಡಿತು. ತುರುಕಿದ ಭಾಗ ಹಳದಿಯಾಗಿಯೇ ಉಳಿಯಿತು. ಪ್ರೊಫೆಸರನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಸಂಘದವರಿಗೆ ವಿವರಿಸಲು ಚಿತ್ರ ಬರೆದುಕೊಂಡು ಹೋದ. ಆದರೆ ಅಷ್ಟರಲ್ಲಿ ಅಪಾರ್ಟ್‌ಮೆಂಟು ತನ್ನದೇ ಕಾರಣ ಕಂಡುಕೊಂಡಿತ್ತು.

"ಏನೂ ಬೇಡ, ನಮಗೆ ಗೊತ್ತಿದೆ" ಎಂದರು ಎಂಟನೇ ಮಹಡಿಯವರು ಕಣ್ಣು ಮಿಟುಕಿಸಿ. "ಆ ಭಾಗದಲ್ಲಿ ತಾನೇ ನಾಯಿ ಓಡಾಡೋದು? ಅಂದ್ರೆ ಅವತ್ತು ನಾವು ಹೇಳಿದ್ದೇ ನಿಜ. ಗೊಬ್ಬರ ಬಿದ್ದಿದೆ, ಹುಲ್ಲು ಬಂದಿದೆ."

ಕೆಲವೇ ದಿನಗಳಲ್ಲಿ ದಂತವೈದ್ಯೆಗೆ ಮನವಿಗಳು ಬರತೊಡಗಿದವು. ನಾಯಿಯನ್ನು ದಯವಿಟ್ಟು ಉಳಿದೆರಡು ಕಡೆಯೂ ಕರೆದುಕೊಂಡು ಬರಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಪಾಪದ ಪ್ರಾಣಿ ಅಷ್ಟು ಜನರ ನಿರೀಕ್ಷೆಯ ಕಣ್ಣುಗಳ ಮುಂದೆ ಏನನ್ನೂ ಮಾಡಲಾರದೆ ಬಾಲ ಮುದುರಿ ನಿಲ್ಲುತ್ತಿತ್ತು. ಸಾಕಲು ಮನಸ್ಸಿದ್ದೂ ಹೆದರಿಕೊಂಡಿದ್ದ ಇನ್ನೂ ಕೆಲವರು ಈ ಗಾಳಿ ನೋಡಿ ದೊಡ್ಡ ದೊಡ್ಡ ನಾಯಿಗಳನ್ನೇ ತಂದರು.

ಸಂಘದ ಚುನಾವಣೆ ಬಂತು. ಕಾರ್ಯದರ್ಶಿಗಳು ತಾವಾಗಿಯೇ ನಿಲ್ಲಲಿಲ್ಲ. ದಂತವೈದ್ಯೆ ನಿಂತು ಗೆದ್ದರು. ಗೆದ್ದ ದಿನವೇ ಹುಲ್ಲುಹಾಸಿನ ನಾಲ್ಕೂ ಫಲಕಗಳನ್ನು ಕೀಳಿಸಿದರು. "ಹಲ್ಲು ಅಂದ್ಮೇಲೆ ಅಗೀಬೇಕು, ಹುಲ್ಲು ಅಂದ್ಮೇಲೆ ತುಳೀಬೇಕು" ಎಂದರಂತೆ. ಅತ್ತಿಗೆಯ ಗುತ್ತಿಗೆ ಮುಂದುವರಿಯಿತು. ಯಂತ್ರದ ಗಲಾಟೆಯ ಸುದ್ದಿ ಬೀದಿ ಬೀದಿ ದಾಟಿದ್ದರಿಂದ ಬೇರೆ ಕಡೆಯಿಂದಲೂ ಕರೆಗಳು ಬರತೊಡಗಿದವು. ಹೊಸ ಕಡೆ ಕೆಲಸ ಹಿಡಿಯುವಾಗ ಈಗ ಮಾತಾಡುವವನು ಪ್ರೊಫೆಸರ್. ಎಷ್ಟು ಹೊತ್ತಾದರೂ ಸರಿ, ಪೂರ್ತಿ ಹೇಳಿ ಮುಗಿಸಲಿ ಎಂದು ಅತ್ತಿಗೆ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಾಳೆ. ಮತ್ತೊಮ್ಮೆ ಯಂತ್ರ ಓಡಿಸಿ ಎಂದು ಕೇಳಿದ ಅಪಾರ್ಟ್‌ಮೆಂಟಿನವರಿಗೂ ಅವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು: ಈ ಸಲ ಸಭೆ ಸೇರುವುದಾದರೆ ತಾವು ಯಂತ್ರ ಇಳಿಸುವುದಿಲ್ಲ. ಯಾರೂ ಸೇರಲಿಲ್ಲ.

ಎರಡನೆಯ ಬಾರಿ ಅಲ್ಲಿ ಯಂತ್ರ ಓಡಿಸಿ ಕೆಲವು ವಾರಗಳಾದ ಮೇಲೆ, ಒಂದು ಇಳಿಹಗಲಲ್ಲಿ ಬೇಲಿ ಸವರಲು ಹೋಗಿದ್ದರು. ಹುಲ್ಲಿನ ಮೇಲೆ ಮಕ್ಕಳು ಉರುಳಾಡುತ್ತಿದ್ದರು. ನಾಯಿಗಳು ಒಂದರ ಹಿಂದೊಂದು ಸುತ್ತುತ್ತಿದ್ದವು. ಹಳೆಯ ಕಾರ್ಯದರ್ಶಿಗಳು ಬೂಟು ಬಿಚ್ಚಿಟ್ಟು ಒಂದು ಕಡೆ ಕಾಲು ಚಾಚಿ ಪತ್ರಿಕೆ ಓದುತ್ತಿದ್ದರು.

"ಹೀಗೆ ತುಳಿದ್ರೆ ಮಣ್ಣು ಮತ್ತೆ ಕಲ್ಲಾಗುತ್ತೆ" ಎಂದಳು ಅತ್ತಿಗೆ ಸಂಕಟದಿಂದ.

"ಆಗ್ಲಿ ಬಿಡು" ಎಂದ ಪ್ರೊಫೆಸರ್. ಅವನ ಜೀವನದಲ್ಲೇ ಅಷ್ಟು ಚಿಕ್ಕ ಉತ್ತರವನ್ನು ಅವಳು ಕೇಳಿರಲಿಲ್ಲ.

ಹಳೆಯ ಕಾರ್ಯದರ್ಶಿಗಳು ತಲೆಯೆತ್ತಿ ನೋಡಿ, ಪಕ್ಕದ ಜಾಗ ಕೈಯಿಂದ ತಟ್ಟಿ, "ಕೂತ್ಕೊಮ್ಮಾ" ಎಂದರು. ಅತ್ತಿಗೆ ಹಿಂದೆಮುಂದೆ ನೋಡಿದಳು. ಇಷ್ಟು ವರ್ಷ ಎಷ್ಟೋ ಹುಲ್ಲುಹಾಸುಗಳನ್ನು ಸಾಕಿ ಬೆಳೆಸಿದ್ದಳು, ಅವುಗಳ ಮೇಲೆ ಮೊಣಕಾಲೂರಿದ್ದಳು, ಬಗ್ಗಿದ್ದಳು, ತೆವಳಿದ್ದಳು. ಕೂತದ್ದು ಮಾತ್ರ ಇಲ್ಲ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಮೆಲ್ಲಗೆ ಕೂತಳು. ತಂಪಾಗಿತ್ತು. ಅಂಗೈ ಊರಿದರೆ ಹುಲ್ಲು ಒಳಕ್ಕೆ ಬಾಗಿ ಮತ್ತೆ ಮೇಲೆ ಬರುತ್ತಿತ್ತು.

ಬೇಲಿಯ ಆಚೆಯಿಂದ ಚಿಕ್ಕೋನು ಏಣಿ ಹಿಡಿಯಲು ಕರೆದ.

"ಬಂದೇ" ಎಂದಳು ಅತ್ತಿಗೆ, ಮತ್ತು ಕಾಲು ಚಾಚಿದಳು.